ಹತ್ತು ಜನರಿಗೆ ಕಳಿಸುವ ಮುನ್ನ

ಕೇಳುಗರೇ, ನಮಸ್ಕಾರ.

2002ನೇ ಇಸವಿಯ ಮಾತು. ಹಳೆಯ ಗೆಳತಿಯೊಬ್ಬಳಿಂದ ನನಗೊಂದು ಇಮೇಲ್ ಬಂತು. ಗಾಬರಿಯಲ್ಲಿ ಬರೆದದ್ದು ಅಂತ ಓದುವಾಗಲೇ ಗೊತ್ತಾಗುತ್ತಿತ್ತು. "ನನ್ನ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ. ನನ್ನ ವಿಳಾಸಪಟ್ಟಿಯಲ್ಲಿ ಇರುವವರಿಗೆಲ್ಲ ಅದು ತಾನಾಗಿಯೇ ಹೋಗಿರುತ್ತದಂತೆ. 14 ದಿನ ಸುಮ್ಮನೆ ಮಲಗಿದ್ದು, ಆಮೇಲೆ ಎಲ್ಲವನ್ನೂ ಹಾಳು ಮಾಡುತ್ತದಂತೆ. ಆಂಟಿವೈರಸ್ ಕಣ್ಣಿಗೂ ಬೀಳುವುದಿಲ್ಲ. ಬೇಗ ಹುಡುಕು" ಅಂತ ಬರೆದಿದ್ದಳು. ಕೆಳಗೆ ಆ ಫೈಲಿನ ಹೆಸರಿತ್ತು: ಜೆಡಿಬಿಜಿಎಂಜಿಆರ್ ಡಾಟ್ ಇಎಕ್ಸ್‌ಇ. ಪಕ್ಕದಲ್ಲಿ ಪುಟ್ಟ ಕರಡಿಮರಿಯ ಚಿತ್ರ ಇರುತ್ತದೆ, ಅದನ್ನು ತೆರೆಯಬೇಡ, ಅಳಿಸಿಹಾಕು, ಪರಿಚಿತರಿಗೆಲ್ಲ ತಿಳಿಸು ಎಂದೂ ಇತ್ತು.

ಹುಡುಕಿದೆ. ಫೈಲು ಸಿಕ್ಕಿತು. ಹೇಳಿದ್ದ ಹೆಸರೇ, ಹೇಳಿದ್ದ ಕರಡಿಮರಿಯೇ. ಎದೆ ಧಸಕ್ಕೆಂದಿತು. ತಕ್ಷಣ ಅಳಿಸಿದೆ. ಆ ಪತ್ರದ ತಲೆಗೆ ಒಂದು ಸಾಲು ಸೇರಿಸಿದೆ: "ನಾನೇ ಹುಡುಕಿ ನೋಡಿದೆ, ನನ್ನಲ್ಲೂ ಇತ್ತು." ಗೊತ್ತಿದ್ದವರಿಗೆಲ್ಲ ಕಳಿಸಿದೆ.

ಆ ಫೈಲು ವೈರಸ್ ಆಗಿರಲಿಲ್ಲ. ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ಪ್ರೋಗ್ರಾಂಗಳ ತಪ್ಪು ಹುಡುಕಲು ಬಳಸುವ ಸಣ್ಣ ಸಾಧನ ಅದು. ಕರಡಿಮರಿಯ ಚಿತ್ರವೂ ಅದರದ್ದೇ. ಅಂದರೆ ಆ ಪತ್ರ ಓದಿ ಯಾರೇ ಹುಡುಕಿದರೂ ಸಿಕ್ಕೇ ಸಿಗುತ್ತಿತ್ತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ಹಿರಿಯರು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆ ದಿನ ಪ್ರತ್ಯಕ್ಷ ಕಂಡದ್ದೇ ಸಾಕು ಅನ್ನಿಸಿಬಿಟ್ಟಿತ್ತು. ಫೈಲು ಇದೆ ಎನ್ನುವುದು ನಿಜ, ಅದು ವೈರಸ್ ಎನ್ನುವುದು ಸುಳ್ಳು. ನಿಜವನ್ನು ನೋಡಿ ಸುಳ್ಳನ್ನು ನಂಬಿದೆ. ಹಿಂದಿನ ವರ್ಷ, 2001ರಲ್ಲಿ, ಇದೇ ಉಪಾಯ ಇನ್ನೊಂದು ವಿಂಡೋಸ್ ಫೈಲಿನ ಹೆಸರಿನಲ್ಲೂ ನಡೆದಿತ್ತು. ವೈರಸ್ ಮಾಡುವುದು ಎರಡು ಕೆಲಸ: ಇದ್ದದ್ದನ್ನು ಕೆಡಿಸುವುದು, ತನ್ನನ್ನು ಹಬ್ಬಿಸಿಕೊಳ್ಳುವುದು. ಎರಡನ್ನೂ ಆ ದಿನ ನನ್ನ ಕೈಯೇ ಮಾಡಿತ್ತು. ಅದೂ ಸ್ನೇಹಿತರ ಮೇಲಿನ ಕಾಳಜಿಯಿಂದ.

ಇಂಥ ಪತ್ರಗಳ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಅಲ್ಲಿಂದ. ಅಂದಿನಿಂದ ಕೈಗೆ ಬಂದವನ್ನೆಲ್ಲ ಕೂಡಿಸಿಟ್ಟುಕೊಂಡು, ಇವು ಹೇಗೆ ಬದುಕುತ್ತವೆ ಅಂತ ನೋಡುತ್ತಾ ಬಂದಿದ್ದೇನೆ.

ಓದಿದವರು ಇನ್ನಷ್ಟು ಜನರಿಗೆ ಕಳಿಸಬೇಕು ಎನ್ನುವ ಸರಪಳಿ ಪತ್ರ ಇಮೇಲಿನ ಕೂಸಲ್ಲ, ಅದಕ್ಕಿಂತ ಬಹಳ ಹಳೆಯದು. 1935ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಒಂದು ಪತ್ರ ಹರಡಿತು. ಅದರಲ್ಲಿ 6 ಜನರ ಹೆಸರು. ಮೊದಲ ಹೆಸರಿನವರಿಗೆ 10 ಸೆಂಟ್ ಕಳಿಸಿ, ಆ ಹೆಸರು ಹೊಡೆದುಹಾಕಿ, ಕೊನೆಗೆ ನಿಮ್ಮ ಹೆಸರು ಸೇರಿಸಿ, 5 ಪ್ರತಿ ಮಾಡಿ ಹಂಚಿ ಎಂದಿತ್ತು. ನಿಮ್ಮ ಹೆಸರು ಮೇಲೇರುವ ಹೊತ್ತಿಗೆ 15,625 ಪತ್ರ, ಒಟ್ಟು 1,562 ಡಾಲರ್ 50 ಸೆಂಟ್ ಬರುತ್ತದೆ ಎಂಬ ಆಸೆ. ಡೆನ್ವರ್‌ನ ಅಂಚೆ ಕಚೇರಿ ಪತ್ರಗಳ ರಾಶಿಯಲ್ಲಿ ಮುಳುಗಿಹೋಯಿತು. ಗುಣಾಕಾರ ತಪ್ಪಿರಲಿಲ್ಲ, ಆದರೆ ಸೇರಿದವರಿಗೆಲ್ಲ ಅಷ್ಟು ಸಿಗುತ್ತಾ ಹೋಗಬೇಕಾದರೆ ಭೂಮಿಯ ಮೇಲೆ ಜನ ಸಾಲುತ್ತಿರಲಿಲ್ಲ. "10 ಜನರಿಗೆ ಕಳಿಸಿ" ಎನ್ನುವ ಪತ್ರವನ್ನು ಎಲ್ಲರೂ ಪಾಲಿಸಿದರೆ ಹತ್ತನೆಯ ಹೆಜ್ಜೆಗೆ 1,000 ಕೋಟಿ ಜನ ಬೇಕು. ಇಡೀ ಜಗತ್ತಿನಲ್ಲಿ ಇಂದಿಗೂ ಅಷ್ಟು ಜನ ಇಲ್ಲ.

ಇಂಥ ಪತ್ರವನ್ನು ಯಾರೋ ಒಬ್ಬ ದುಷ್ಟ ಕೂತು ಹೆಣೆದಿರುತ್ತಾನೆ ಅಂತ ನಾನು ಮೊದಲು ತಿಳಿದಿದ್ದೆ. ಎಷ್ಟೋ ಸಲ ಹಾಗಿರುವುದಿಲ್ಲ. ಚಾರ್ಲ್ಸ್ ಬೆನೆಟ್, ಮಿಂಗ್ ಲಿ, ಬಿನ್ ಮಾ ಎಂಬ ಮೂವರು ವಿಜ್ಞಾನಿಗಳು, 1980ರಿಂದ 1995ರ ನಡುವೆ ಕೂಡಿಟ್ಟ, ಪ್ರತಿ ಮಾಡಿ ಹಂಚಿದರೆ ಅದೃಷ್ಟ ಬರುತ್ತದೆ ಎನ್ನುವ ಒಂದೇ ಅದೃಷ್ಟಪತ್ರದ 33 ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು, ಜೀವಿಗಳ ವಂಶವೃಕ್ಷ ಬರೆಯುವ ಹಾಗೆ ಅವುಗಳ ವಂಶವೃಕ್ಷ ಬರೆದರು. 2003ರಲ್ಲಿ ಅದು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬಂತು. ಪ್ರತಿಯಿಂದ ಪ್ರತಿಗೆ ಹೆಸರುಗಳು ಬದಲಾಗುತ್ತಾ ಹೋಗಿದ್ದವು. ಯಾರೂ ಬೇಕೆಂದು ಸುಳ್ಳು ಹೇಳಬೇಕಾಗಿಲ್ಲ. ಕೈಯಿಂದ ಕೈಗೆ ದಾಟುತ್ತಾ ದಾಟುತ್ತಾ ನಾಣ್ಯ ಸವೆಯುವ ಹಾಗೆ ಮಾತೂ ಸವೆಯುತ್ತದೆ.

ಆ ಸವೆತ ಹೇಗಿರುತ್ತದೆ ಎಂಬುದಕ್ಕೆ ಮಂಗಳ ಗ್ರಹದ ಪತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2003ರ ಆಗಸ್ಟ್ 27ರಂದು ಮಂಗಳ ಭೂಮಿಯಿಂದ ಸುಮಾರು 5 ಕೋಟಿ 57 ಲಕ್ಷ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಹೆಚ್ಚುಕಡಿಮೆ 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಇದು ನಿಜ. ಆಗ ಹೊರಟ ಇಮೇಲಿನಲ್ಲಿ ಹೀಗೊಂದು ಮಾತಿತ್ತು: 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ, ಬರಿಗಣ್ಣಿಗೆ ಹುಣ್ಣಿಮೆಯ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೋ ಮಂಗಳವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಇದೂ ನಿಜವೇ. ಆದರೆ ವಾಕ್ಯ ನಡುವೆ ಮುರಿದು ಎರಡು ಸಾಲಾಗಿತ್ತು. ಓದಿದವರ ಮನಸ್ಸಿನಲ್ಲಿ ದೂರದರ್ಶಕ ಬಿದ್ದುಹೋಯಿತು, ಬರಿಗಣ್ಣು, ಹುಣ್ಣಿಮೆ ಚಂದ್ರ, ಮಂಗಳ ಇಷ್ಟೇ ಉಳಿಯಿತು. ಆಮೇಲೆ ಇಸವಿಯೂ ಬಿದ್ದುಹೋಯಿತು. "ಆಗಸ್ಟ್ 27ರ ರಾತ್ರಿ ಆಕಾಶದಲ್ಲಿ ಎರಡು ಚಂದ್ರರು" ಎಂಬ ಪತ್ರ ಪ್ರತಿ ಆಗಸ್ಟಿನಲ್ಲೂ ಹೊಸದಾಗಿ ಹುಟ್ಟಿ ಬರತೊಡಗಿತು.

ಇದನ್ನು ಪರೀಕ್ಷಿಸಲು ಖಗೋಳ ಶಾಸ್ತ್ರ ಓದಿರಬೇಕಾಗಿಲ್ಲ. ಒಂದು ಕಾಗದ ತೆಗೆದುಕೊಳ್ಳಿ. ಮಂಗಳದ ಅಡ್ಡಳತೆ ಚಂದ್ರನ ಅಡ್ಡಳತೆಯ ಸುಮಾರು ಎರಡರಷ್ಟು. ಹಾಗಾದರೆ ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣಬೇಕಾದರೆ ಚಂದ್ರನಿಗಿಂತ ಎರಡು ಪಟ್ಟು ದೂರದಲ್ಲಷ್ಟೇ ಇರಬೇಕು. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಅಂದರೆ ಮಂಗಳ ಸುಮಾರು ಏಳೂವರೆ ಲಕ್ಷ ಕಿಲೋಮೀಟರಿಗೆ ಬರಬೇಕು. ಅದು ಅತಿ ಹತ್ತಿರ ಬಂದಾಗ ಇದ್ದದ್ದು 5 ಕೋಟಿ 57 ಲಕ್ಷದಲ್ಲಿ. ಈಗ ಈ 5 ಕೋಟಿ 57 ಲಕ್ಷವನ್ನು ಆ ಏಳೂವರೆ ಲಕ್ಷದಿಂದ ಭಾಗಿಸಿ ನೋಡಿ. 74 ಚಿಲ್ಲರೆ ಬರುತ್ತದೆ. ಪತ್ರದಿಂದ ಕಳಚಿ ಬಿದ್ದಿದ್ದ 75 ಪಟ್ಟಿನ ದೂರದರ್ಶಕ ಲೆಕ್ಕದ ಕೊನೆಗೆ ತಾನಾಗಿ ಎದ್ದು ಬಂತು! ಈ ಲೆಕ್ಕ ಮೊದಲ ಸಲ ಮಾಡಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇಸವಿ ಬಿದ್ದುಹೋಗುವುದು ಅಂದೆನಲ್ಲ, ಅದನ್ನು ಸ್ವಲ್ಪ ಒತ್ತಿ ಹೇಳಬೇಕು. ನನ್ನ ಹತ್ತಿರ ಇರುವ ಪತ್ರಗಳನ್ನು ಮುಂದಿಟ್ಟುಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಅವುಗಳಲ್ಲಿ ಇರುವುದಲ್ಲ, ಇಲ್ಲದಿರುವುದು. ದಿನಾಂಕ ಇಲ್ಲ. ಹೇಳಿದವರ ಹೆಸರಿಲ್ಲ. "ನಾಳೆಯಿಂದ" ಎನ್ನುತ್ತದೆ, ಯಾವ ದಿನದ ನಾಳೆ? "ಹೆಸರಾಂತ ವೈದ್ಯರೊಬ್ಬರು" ಎನ್ನುತ್ತದೆ, ಅಷ್ಟು ಹೆಸರಾಂತರಾದರೆ ಹೆಸರೇಕಿಲ್ಲ? 1994ರ ಕೊನೆಗೆ ಹುಟ್ಟಿದ ಗುಡ್ ಟೈಮ್ಸ್ ಎಂಬ ಹುಸಿ ವೈರಸ್ಸಿನ ಪತ್ರ ಇಂಥವುಗಳ ಅಜ್ಜನಿದ್ದಂತೆ. ಆ ಹೆಸರಿನ ಇಮೇಲ್ ಓದಿದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ ಎಂದು ಹೆದರಿಸಿತ್ತು. ಮುಂದೆ ಅದರ ಒಂದು ರೂಪದಲ್ಲಿ "ಎಫ್‌ಸಿಸಿ ಕಳೆದ ಬುಧವಾರ ಎಚ್ಚರಿಕೆ ನೀಡಿದೆ" ಎಂಬ ಮಾತು ಸೇರಿಕೊಂಡಿತು. ಎಫ್‌ಸಿಸಿ ಎಂದರೆ ಅಮೆರಿಕದ ಸಂಪರ್ಕ ಆಯೋಗ. ವೈರಸ್ ಎಚ್ಚರಿಕೆ ಕೊಡುವುದು ಅದರ ಕೆಲಸವೇ ಅಲ್ಲ. ಆದರೆ ಆ "ಕಳೆದ ಬುಧವಾರ" ಎಂಬುದರ ಕೈಚಳಕ ನೋಡಿ. ಯಾವ ವಾರ ಓದಿದರೂ ಅದು ಮೊನ್ನೆಯದೇ ಆಗಿಬಿಡುತ್ತದೆ.

ದಿನಾಂಕವಿಲ್ಲದಿದ್ದರೆ ನಿಜವೂ ಸುಳ್ಳಾಗುತ್ತದೆ. 1989ರಲ್ಲಿ ಬ್ರಿಟನ್ನಿನ ಒಬ್ಬ ಪುಟ್ಟ ಹುಡುಗನಿಗೆ ಮಿದುಳಿನಲ್ಲಿ ಗೆಡ್ಡೆಯಾಗಿತ್ತು. ಶುಭಾಶಯ ಪತ್ರಗಳಲ್ಲಿ ಗಿನ್ನೆಸ್ ದಾಖಲೆ ಮಾಡಲು ಅವನಿಗೆ ನೆರವಾಗಿ ಎಂದು ಮನವಿ ಹೊರಟಿತು. 1990ರ ಹೊತ್ತಿಗೇ 1 ಕೋಟಿ 60 ಲಕ್ಷ ಪತ್ರ ಬಂದು ದಾಖಲೆ ಆಯಿತು. 1991ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾಗಿ ಹುಡುಗ ಗುಣಮುಖನಾದ. ಪತ್ರಗಳು ಮಾತ್ರ ನಿಲ್ಲಲಿಲ್ಲ. ಸಾಕು ಎಂದು ಮನೆಯವರು ಬೇಡಿಕೊಂಡರು, ಗಿನ್ನೆಸ್‌ನವರು ಆ ದಾಖಲೆಯ ವಿಭಾಗವನ್ನೇ ಕೈಬಿಟ್ಟರು, ಆದರೂ ಮನವಿ ಫ್ಯಾಕ್ಸಿಗೆ, ಫ್ಯಾಕ್ಸಿನಿಂದ ಇಮೇಲಿಗೆ ಹಾರಿ ವರ್ಷಾನುಗಟ್ಟಲೆ ತಿರುಗಿತು. ಹುಡುಗ ಬೆಳೆದು ದೊಡ್ಡವನಾದರೂ ಪತ್ರದಲ್ಲಿ ಇನ್ನೂ ಸಾವಿನ ಹಾಸಿಗೆಯ ಮೇಲೆಯೇ ಮಲಗಿದ್ದ. ಇಂಥದ್ದನ್ನು ಕಳಿಸಿದವರನ್ನು ನಾನು ಎಂದೂ ಬೈಯಲಾರೆ. ಕರುಣೆ ಇದ್ದವರೇ ಕಳಿಸಿದ್ದು. ರಕ್ತ ಬೇಕಾಗಿದೆ, ಮಗು ಕಾಣೆಯಾಗಿದೆ ಎಂಬ ಸಂದೇಶ ಬಂದಾಗ ಅದರಲ್ಲಿ ದಿನಾಂಕ ಇಲ್ಲದಿದ್ದರೆ, ದಯವಿಟ್ಟು ಮೊದಲು ಅಲ್ಲಿರುವ ಸಂಖ್ಯೆಗೆ ಒಂದು ಫೋನ್ ಮಾಡಿ. ಮಗು ಎಂದೋ ಮನೆ ಸೇರಿರಬಹುದು, ಆ ತಾಯಿ ದಿನಕ್ಕೆ ಎಷ್ಟು ಸಲ ಅದೇ ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದನ್ನೂ ಯೋಚಿಸಿ.

ಹಣದ ಆಸೆಯ ಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಇಮೇಲನ್ನು ಫಾರ್ವರ್ಡ್ ಮಾಡಿದರೆ ಬಿಲ್ ಗೇಟ್ಸ್ 1,000 ಡಾಲರ್ ಕೊಡುತ್ತಾರೆ ಎಂಬ ಮಾತು ಹೊರಟದ್ದು 1997ರಲ್ಲಿ. ನೀವು ಮುಂದೆ ಕಳಿಸಿದ ಪ್ರತಿಯೊಂದು ಇಮೇಲೂ ಒಂದು ಹೊಸ ಪತ್ರ. ಅದು ಯಾರಿಂದ ಯಾರಿಗೆ, ಅಲ್ಲಿಂದ ಮತ್ತೆ ಯಾರಿಗೆ ಹೋಯಿತೆಂದು ಜಗತ್ತಿನಾದ್ಯಂತ ಎಣಿಸಿ ದುಡ್ಡು ಹಂಚುವ ವ್ಯವಸ್ಥೆ ಎಲ್ಲಿಯೂ ಇಲ್ಲ.

ಹಾಗಂತ ಎಲ್ಲ ಎಚ್ಚರಿಕೆಯೂ ಸುಳ್ಳಲ್ಲ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂದ ಐ ಲವ್ ಯೂ ಎಂಬ ಇಮೇಲಿನ ಲಗತ್ತನ್ನು ತೆರೆದು ಲಕ್ಷಾಂತರ ಕಂಪ್ಯೂಟರುಗಳು ಕೆಟ್ಟವು. ನಿಜವಾದ ಎಚ್ಚರಿಕೆಗೂ ಹುಸಿಗೂ ಇರುವ ವ್ಯತ್ಯಾಸ ನನ್ನ ಅನುಭವದಲ್ಲಿ ಇದು: ನಿಜವಾದ ಎಚ್ಚರಿಕೆ ನೀವು ಏನು ಮಾಡಬೇಕು ಎಂದು ಹೇಳಿ ಸುಮ್ಮನಾಗುತ್ತದೆ. ಯಾವಾಗ, ಯಾರು ಹೇಳಿದ್ದು ಎಂದು ತಿಳಿಸುತ್ತದೆ. "ಎಲ್ಲರಿಗೂ ಕಳಿಸಿ" ಎಂದು ಗೋಗರೆಯುವುದಿಲ್ಲ. ಆ ಒಂದು ಮಾತು ಕಂಡ ಕೂಡಲೇ ನನ್ನ ಬೆರಳು ನಿಂತುಬಿಡುತ್ತದೆ.

ನಿಂತ ಮೇಲೆ ನಾನು ಮಾಡುವುದು ಇಷ್ಟೇ. ಪತ್ರದಲ್ಲಿರುವ ಒಂದು ವಿಚಿತ್ರ ವಾಕ್ಯವನ್ನು ಆರಿಸಿಕೊಂಡು, ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲಿನಲ್ಲಿ ಹುಡುಕುತ್ತೇನೆ. ಹತ್ತು ವರ್ಷದ ಹಿಂದೆಯೂ ಅದೇ ವಾಕ್ಯ ಇತ್ತೆಂದು ಎಷ್ಟೋ ಸಲ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಯಾವುದಾದರೂ ಸಂಸ್ಥೆಯ ಹೆಸರಿದ್ದರೆ, ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ಆ ಸಂಸ್ಥೆಯ ಜಾಲತಾಣದ ವಿಳಾಸವನ್ನು ನಾನೇ ಬೆರಳಚ್ಚಿಸಿ ಹೋಗಿ ನೋಡುತ್ತೇನೆ. ಫೋಟೋ ಇದ್ದರೆ ಫೋಟೋವನ್ನೇ ಕೊಟ್ಟು ಹುಡುಕುವ ಸೌಲಭ್ಯ ಗೂಗಲಿನಲ್ಲಿ 2011ರಿಂದ ಇದೆ. ಕಳಿಸಿದವರ ಹೆಸರು ಪರಿಚಿತ ಎಂಬುದನ್ನು ಮಾತ್ರ ಸಾಕ್ಷಿಯಾಗಿ ಹಿಡಿಯುವುದಿಲ್ಲ. ಇಮೇಲಿನಲ್ಲಿ ಕಳಿಸಿದವರ ಹೆಸರನ್ನು ನಕಲು ಮಾಡುವುದು ಸುಲಭ. ಹೆಸರು ಅಸಲಿಯಾಗಿದ್ದರೂ ಅವರೂ ನನ್ನ ಹಾಗೆಯೇ ಇನ್ನೊಬ್ಬರನ್ನು ನಂಬಿ ಕಳಿಸಿರುತ್ತಾರೆ.

ಈಗ ಇದೇ ಪತ್ರಗಳು ವಾಟ್ಸಾಪಿಗೆ ಮನೆ ಬದಲಾಯಿಸಿವೆ. ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ಅಲ್ಲಿ ಜೋಡಿ ಬಾಣದ ಗುರುತು ಬರುತ್ತದೆ, 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಆ ಜೋಡಿ ಬಾಣವನ್ನು ಗಮನಿಸಿ.

ಸುಳ್ಳು ಎಂದು ತಿಳಿದ ಮೇಲೆ ಹೇಳುವುದು ಹೇಗೆ? ಹುಡುಕುವುದಕ್ಕಿಂತ ಇದು ಕಷ್ಟ. ನನ್ನ ಚಿಕ್ಕಮ್ಮ ಒಂದು ಔಷಧದ ಸಂದೇಶ ಕಳಿಸಿದಾಗ ನಾನು ಎಲ್ಲರ ಮುಂದೆ, ಮನೆಯ ಗುಂಪಿನಲ್ಲೇ, "ಇದು ಸುಳ್ಳು" ಎಂದು ಬರೆದುಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಅವರು ಆ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಹಬ್ಬದ ಶುಭಾಶಯ ಕೂಡ ಇಲ್ಲ. ಆ ಮೌನ ನನ್ನನ್ನು ಬಹಳ ಚುಚ್ಚಿತು. ಕೊನೆಗೆ ಫೋನ್ ಮಾಡಿ, "ಚಿಕ್ಕಮ್ಮ, ನಾನು ಹಾಗೆ ಹೇಳಬಾರದಿತ್ತು" ಅಂದೆ. "ನಿಮಗೆಲ್ಲ ಒಳ್ಳೆಯದಾಗಲಿ ಅಂತ ಕಳಿಸಿದ್ದಪ್ಪ" ಅಂದರು. ಈಗ ಅಂಥದ್ದೇನಾದರೂ ಬಂದರೆ ಗುಂಪಿನಲ್ಲಿ ಬರೆಯದೆ ಅವರಿಗೇ ಫೋನ್ ಮಾಡುತ್ತೇನೆ. ನಿಜ ಏನು ಎಂಬುದನ್ನು ಮೊದಲು ಹೇಳಿ, ಸುಳ್ಳನ್ನು ಆಮೇಲೆ ತಿಳಿಸುತ್ತೇನೆ. ಇತ್ತೀಚೆಗೆ ಅವರೇ ಕಳಿಸುವ ಮೊದಲು "ಇದು ಹೌದಾ ನೋಡು" ಅಂತ ನನ್ನನ್ನು ಕೇಳುತ್ತಾರೆ.

ಕರಡಿಮರಿಯ ಕಥೆಗೆ ಇನ್ನೊಂದು ತುದಿ ಇದೆ. ನಿಜ ತಿಳಿದ ದಿನವೇ ನಾನು ಕಳಿಸಿದವರಿಗೆಲ್ಲ ತಿದ್ದುಪಡಿ ಬರೆದೆ. "ಮೊನ್ನೆ ನಾನು ಕಳಿಸಿದ್ದು ತಪ್ಪು. ಅದು ವಿಂಡೋಸಿನದೇ ಫೈಲು. ಅಳಿಸಿದ್ದರೆ ಗಾಬರಿ ಬೇಡ, ದಿನನಿತ್ಯದ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ನೀವು ಯಾರಿಗೆ ಕಳಿಸಿದ್ದೀರೋ ಅವರಿಗೆ ಮಾತ್ರ ಇದನ್ನು ತಿಳಿಸಿ" ಅಂತ. ಮೇಲೆ ದಿನಾಂಕ ಹಾಕಿದೆ, ಕೆಳಗೆ ಹೆಸರು ಹಾಕಿದೆ. ಕೆಲವರು ಉತ್ತರಿಸಿದರು.

ಮರುವರ್ಷ, ನಾನು ಕಂಡು ಕೇಳದ ಒಬ್ಬರಿಂದ ಅದೇ ಎಚ್ಚರಿಕೆಯ ಪತ್ರ ನನಗೆ ತಿರುಗಿ ಬಂತು. ನನ್ನ ತಿದ್ದುಪಡಿ ಅದರಲ್ಲಿ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಆದರೆ ತಲೆಯ ಮೇಲೆ ಒಂದು ಸಾಲು ಹಾಗೇ ಉಳಿದಿತ್ತು: "ನಾನೇ ಹುಡುಕಿ ನೋಡಿದೆ, ನನ್ನಲ್ಲೂ ಇತ್ತು."

ಆ ರಾತ್ರಿಯೇ ಅವರಿಗೆ ಉತ್ತರ ಬರೆದೆ. ಆ ಸಾಲು ನನ್ನದು ಎಂದು ಮೊದಲು ಒಪ್ಪಿಕೊಂಡೆ.

ನಮಸ್ಕಾರ.