ಘಟ್ಟ ಹತ್ತುವಾಗ ಜಾರುವ ಕ್ಲಚ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಕಿನ ಕ್ಲಚ್ಚು ಸೋಲುತ್ತಿದೆ ಎಂಬುದು ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಗೊತ್ತಾಗದೆ ಇರಬಹುದು. ಕೊಡಗಿನಲ್ಲಿ ಒಂದೇ ಏರಿಗೆ ಗೊತ್ತಾಗುತ್ತದೆ. ಸಂಪಾಜೆ ಇರುವುದು ಘಟ್ಟದ ಬುಡದಲ್ಲಿ, ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆ ತಿರುವುಗಳನ್ನು ಹತ್ತುವಾಗ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಏಳುವುದಿಲ್ಲ. ಕೂಡಲೇ 'ಪ್ಲೇಟು ಹೋಯ್ತು' ಅನ್ನುತ್ತೇವೆ. ಹೋಗಿರಲೂಬಹುದು. ಆದರೆ ಎಂಜಿನ್ ಕವರು ಬಿಚ್ಚಿಸುವ ಮೊದಲು ಎಡಗೈ ಕೆಳಗಿನ ಲಿವರನ್ನು ಒಮ್ಮೆ ವಿಚಾರಿಸಿ ನೋಡಬೇಕು.

ಒಳಗೆ ಏನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಘರ್ಷಣೆಯ ಪದರ ಅಂಟಿಸಿದ ಕ್ಲಚ್ ಪ್ಲೇಟು, ಅದರ ಮೇಲೊಂದು ನುಣುಪಾದ ಸ್ಟೀಲ್ ಪ್ಲೇಟು, ಮತ್ತೆ ಕ್ಲಚ್ ಪ್ಲೇಟು, ಹೀಗೆ ಒಂದರ ಮೇಲೊಂದು ಜೋಡಿಸಿರುತ್ತದೆ. ಕ್ಲಚ್ ಪ್ಲೇಟುಗಳು ಎಂಜಿನ್ ಕಡೆಯ ಹೌಸಿಂಗ್ ಜೊತೆ ತಿರುಗುತ್ತವೆ, ಸ್ಟೀಲ್ ಪ್ಲೇಟುಗಳು ಗೇರ್‌ಬಾಕ್ಸ್ ಕಡೆಯ ಹಬ್ ಜೊತೆ. ನಾಲ್ಕರಿಂದ ಆರು ಸ್ಪ್ರಿಂಗುಗಳು ಇವನ್ನೆಲ್ಲ ಒತ್ತಿ ಹಿಡಿದಿರುತ್ತವೆ. ಲಿವರ್ ಒತ್ತಿದಾಗ ಆ ಒತ್ತಡ ಬಿಡುತ್ತದೆ, ಪ್ಲೇಟುಗಳು ಬಿಡಿಬಿಡಿಯಾಗುತ್ತವೆ.

ಈಗ ಲಿವರಿಗೆ ಬರೋಣ. ಎಂಜಿನ್ ತಣ್ಣಗಿರುವಾಗ ಲಿವರಿನ ತುದಿಯನ್ನು ಒಂದು ಬೆರಳಿನಿಂದ ಎಳೆದು ನೋಡಿ. ಬಿಗಿ ಸಿಗುವ ಮುಂಚೆ ಸ್ವಲ್ಪ ದೂರ ಅದು ಸುಮ್ಮನೆ ಬರಬೇಕು. ಇದಕ್ಕೆ ಪ್ಲೇ ಎನ್ನುತ್ತಾರೆ. ನಮ್ಮಲ್ಲಿ ಓಡುವ 100ರಿಂದ 150 ಸಿಸಿಯ ಹೆಚ್ಚಿನ ಬೈಕುಗಳಲ್ಲಿ ಇದು ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಇರಬೇಕು. ಪ್ಲೇ ಏನೇನೂ ಇಲ್ಲವೆಂದರೆ ನೀವು ಕೈ ತೆಗೆದ ಮೇಲೂ ಕೇಬಲ್ ಕ್ಲಚ್ಚನ್ನು ಅರೆಬರೆ ಎಳೆದು ಹಿಡಿದಿದೆ ಎಂದರ್ಥ. ಸ್ಪ್ರಿಂಗಿನ ಪೂರ್ತಿ ಬಲ ಪ್ಲೇಟಿಗೆ ಸಿಗುವುದಿಲ್ಲ, ಕ್ಲಚ್ಚು ಜಾರುತ್ತದೆ, ಜಾರಿದ ಪ್ಲೇಟು ಸುಡುತ್ತದೆ. ಒಳ್ಳೆಯ ಪ್ಲೇಟು ಹಾಳಾಗುವುದು ಹೀಗೆ. ಪ್ಲೇ ವಿಪರೀತ ಇದ್ದರೆ ಇದರ ತದ್ವಿರುದ್ಧ: ಲಿವರ್ ಪೂರ್ತಿ ಒತ್ತಿದರೂ ಪ್ಲೇಟು ಬಿಡುವುದಿಲ್ಲ, ಮೊದಲನೇ ಗೇರು ಹಾಕುವಾಗ ಟಕ್ಕನೆ ಸದ್ದು, ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ, ಸಿಗ್ನಲ್ಲಿನಲ್ಲಿ ಗಾಡಿ ತಾನಾಗಿ ಮುಂದಕ್ಕೆ ತೆವಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಪ್ಲೇಟು ಸವೆಯುತ್ತಾ ಹೋದಂತೆ ಪ್ಲೇ ಕಡಿಮೆಯಾಗುತ್ತದೆ. ಕೇಬಲ್ ಹಿಗ್ಗುತ್ತಾ, ಎಳೆ ಕಡಿಯುತ್ತಾ ಹೋದಂತೆ ಪ್ಲೇ ಹೆಚ್ಚಾಗುತ್ತದೆ. ಹಾಗಾಗಿ ಸೆಟ್ ಮಾಡಿದ ಕ್ಲಚ್ಚು ಮತ್ತೆ ಮತ್ತೆ ಬಿಗಿಯಾದರೆ ಅನುಮಾನ ಪ್ಲೇಟಿನ ಮೇಲೆ. ಮತ್ತೆ ಮತ್ತೆ ಲೂಸಾದರೆ ಅನುಮಾನ ಕೇಬಲಿನ ಮೇಲೆ.

ಸೆಟ್ ಮಾಡುವಾಗ ಲಿವರ್ ಬಳಿಯ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಆಮೇಲೆ ಒಂದೆರಡು ಸುತ್ತು ಹೊರಗೆ ತನ್ನಿ. ನಂತರ ಎಂಜಿನ್ ಬಳಿಯ ತುದಿಯಲ್ಲಿ ಲಾಕ್‌ನಟ್ಟು ಸಡಿಲಿಸಿ ಪ್ಲೇ ಕೂಡಿಸಿ, ನಟ್ಟು ಬಿಗಿ ಮಾಡಿ. ಉಳಿದ ಚೂರುಪಾರನ್ನು ಮೇಲಿನ ಅಡ್ಜಸ್ಟರಿನಲ್ಲಿ ಸರಿಮಾಡಬಹುದು. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಒಂದು ಕಡೆ ತಿರುಗಿಸಿದಾಗ ಪ್ಲೇ ಮಾಯವಾದರೆ ಕೇಬಲ್ ಹಾದುಹೋದ ದಾರಿ ಸರಿಯಿಲ್ಲ, ಎಲ್ಲೋ ಸಿಕ್ಕಿಕೊಂಡಿದೆ.

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಕೇಬಲಿನೊಳಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ಲಿವರ್ ಒತ್ತುವಾಗ ಮರಳು ಅರೆದಂತೆ ಕರಕರ ಅನ್ನಿಸಿದರೆ ಮೇಲಿನ ತುದಿ ಬಿಡಿಸಿ ನೋಡಿ. ಅಡ್ಜಸ್ಟರು, ಅದರ ಲಾಕ್, ಲಿವರ್, ಮೂರರ ಸೀಳನ್ನು ಒಂದೇ ಸಾಲಿಗೆ ತಂದರೆ ತಂತಿ ಸುಲಭವಾಗಿ ಹೊರಬರುತ್ತದೆ. ನಿಪ್ಪಲ್, ಅಂದರೆ ತಂತಿಯ ತುದಿಯ ಲೋಹದ ಗುಂಡು, ಅದರ ಹತ್ತಿರ ಒಂದೇ ಒಂದು ಎಳೆ ಕಡಿದಿದ್ದರೂ ಹೊಸ ಕೇಬಲ್ ಹಾಕಿಸಿ. ಎಳೆ ಕಡಿಯದಿದ್ದರೆ ಪ್ಲಾಸ್ಟಿಕ್ ಹಾಳೆಯನ್ನು ಆಲಿಕೆಯಂತೆ ಸುತ್ತಿ ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆ ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ತೂಗುಹಾಕಿ. ಗ್ರೀಸು ನಿಪ್ಪಲ್ಲಿಗೆ ಮಾತ್ರ. ಕೇಬಲಿನೊಳಗೆ ಹೋದರೆ ಚಳಿಗೆ ಗಟ್ಟಿಯಾಗುತ್ತದೆ. ಒಳಗೆ ಟೆಫ್ಲಾನ್ ಕೊಳವೆ ಇರುವ ಕೇಬಲಿಗೆ ಎಣ್ಣೆಯೇ ಬೇಡ.

ಮಾಕುಟ್ಟ ರಸ್ತೆಯ ಕಾಡಿನ ನಡುವೆ ಕೇಬಲ್ ಕಡಿದರೆ ಏನು ಮಾಡುವುದು? ನ್ಯೂಟ್ರಲ್ಲಿನಲ್ಲಿ ಸ್ಟಾರ್ಟ್ ಮಾಡಿ, ಇಳಿಜಾರಿನಲ್ಲಿ ಗಾಡಿ ಉರುಳಲು ಬಿಟ್ಟು, ಮೆಲ್ಲಗೆ ವೇಗ ಸಿಕ್ಕಾಗ ಮೊದಲನೇ ಗೇರು ಹಾಕಬಹುದು. ಮುಂದಿನ ಗೇರಿಗೆ ಎಕ್ಸಲೇಟರನ್ನು ಕ್ಷಣಮಾತ್ರ ಬಿಟ್ಟು ಕಾಲಿನಿಂದ ಒತ್ತಿದರೆ ಬೀಳುತ್ತದೆ. ನಿಲ್ಲುವ ಮೊದಲೇ ನ್ಯೂಟ್ರಲ್ ಹುಡುಕಿಕೊಳ್ಳಬೇಕು. ಹತ್ತಿರದ ಊರು ಸೇರುವಷ್ಟಕ್ಕೆ ಮಾತ್ರ ಇದು, ವಾಹನ ದಟ್ಟಣೆಯ ಪೇಟೆಯೊಳಗೆ ಬೇಡ. ಇದಕ್ಕಿಂತ ಜಾಣತನವೆಂದರೆ ಹಳೆ ಕೇಬಲಿನ ಪಕ್ಕದಲ್ಲೇ ಒಂದು ಹೊಸದನ್ನು ಟೇಪ್ ಸುತ್ತಿ ಕಟ್ಟಿಟ್ಟುಕೊಳ್ಳುವುದು.

ಲಿವರ್, ಕೇಬಲ್ ಎರಡೂ ಸರಿ ಇದ್ದರೆ ಎಣ್ಣೆ ನೋಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚು ಮುಳುಗಿರುವುದು ಎಂಜಿನ್ ಎಣ್ಣೆಯಲ್ಲೇ. ಡಬ್ಬಿಯ ಹಿಂದೆ ಜಾಸೋ ಎಂಬ ಜಪಾನಿನ ಗುಣಮಟ್ಟದ ಗುರುತು, ಅಂದರೆ ಜಾಸೋ ಎಂಎ ಅಥವಾ ಎಂಎ2, ಎಂದು ಬರೆದಿರಬೇಕು. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿನದು. ಕಾರಿಗೆ ತಂದು ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯುವ ಅಭ್ಯಾಸ ತೋಟದ ಮನೆಗಳಲ್ಲಿ ಉಂಟು. ಕಾರಿನ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿರಬಹುದು, ಅಂಥದ್ದು ಬಿದ್ದರೆ ಹೊಸ ಪ್ಲೇಟೂ ಜಾರುತ್ತದೆ. ತೋಡು ದಾಟುವಾಗ ಎಂಜಿನ್ ಮುಳುಗಿದ್ದರೆ ಎಣ್ಣೆಯ ಗಾಜನ್ನು ನೋಡಿ: ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಎಂಜಿನ್ ಓಡಿಸದೆ ಎಣ್ಣೆ ಬದಲಿಸಬೇಕು.

ಡಿಸೆಂಬರ್ ಚಳಿಯ ಬೆಳಿಗ್ಗೆ ಗೇರು ಹಾಕಿದೊಡನೆ ಗಾಡಿ ಎಗರಿದರೆ ಗಾಬರಿ ಬೇಡ. ಎಣ್ಣೆ ಮಂದವಾಗಿ ಪ್ಲೇಟುಗಳು ಅಂಟಿಕೊಂಡಿವೆ ಅಷ್ಟೆ. ಎಂಜಿನ್ ಆಫ್ ಇಟ್ಟು, ಗೇರು ಹಾಕಿ, ಲಿವರ್ ಒತ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ನಾಲ್ಕಾರು ಸಲ ತಳ್ಳಿದರೆ ಬಿಟ್ಟುಕೊಳ್ಳುತ್ತವೆ.

ಇಷ್ಟೆಲ್ಲ ಆದ ಮೇಲೂ ಜಾರಿದರೆ ಒಳಗೆ ಇಳಿಯಲೇಬೇಕು. ಎಣ್ಣೆ ಇಳಿಸಿ, ಕವರಿನ ಬೋಲ್ಟುಗಳನ್ನು ತೆಗೆಯಿರಿ. ಅವುಗಳ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡದರ ಜಾಗಕ್ಕೆ ಹೋದರೆ ಕೇಸಿಂಗ್ ಬಿರಿಯುತ್ತದೆ. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಚ್ಚಬೇಕು. ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಸಾಲಾಗಿಡಿ.

ಹೊಸ ಕ್ಲಚ್ ಪ್ಲೇಟಿನ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರಿನ ಆಸುಪಾಸು, 2.6ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು. ನಿಮ್ಮ ಗಾಡಿಯ ಮಿತಿಯನ್ನು ಅದರ ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಡಿಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆ, ತೂರಿಸಿ. 0.2 ಮಿಲಿಮೀಟರಿನ ಎಲೆ ಒಳಹೋದರೆ ಪ್ಲೇಟು ಬಾಗಿದೆ, ಲಿವರ್ ಬಿಡುವಾಗ ಗಾಡಿ ನಡುಗುವುದಕ್ಕೆ ಅದೇ ಕಾರಣವಿರಬಹುದು. ನೀಲಿಗಟ್ಟಿದ್ದರೆ ಸುಟ್ಟಿದೆ. ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನಿಲ್ಲಿಸಿ. ಒಂದು ಗಿಡ್ಡವಾಗಿದ್ದರೂ ಎಲ್ಲವನ್ನೂ ಬದಲಿಸಿ. ಪ್ಲೇಟಿಗೆ ದುಡ್ಡು ಹಾಕಿ ಸ್ಪ್ರಿಂಗಿನಲ್ಲಿ ಉಳಿತಾಯ ಮಾಡುವುದು ದಂಡ. ಹೌಸಿಂಗಿನ ಬೆರಳುಗಳಲ್ಲಿ ಪ್ಲೇಟು ತಾಗಿ ತಾಗಿ ಗುಳಿ ಬಿದ್ದಿದೆಯೇ ಎಂಬುದನ್ನೂ ಉಗುರಾಡಿಸಿ ನೋಡಿ. ತೆಳ್ಳಗಿನ ಗುಳಿಯನ್ನು ಅರದಿಂದ ಉಜ್ಜಿ ಸಮ ಮಾಡಬಹುದು. ಆಳವಾಗಿದ್ದರೆ ಪ್ಲೇಟು ಅಲ್ಲಿ ಸಿಕ್ಕಿಕೊಂಡು ಗೇರು ಗಟ್ಟಿಯಾಗುತ್ತದೆ, ಹೌಸಿಂಗ್ ಬದಲಿಸದೆ ಗತಿಯಿಲ್ಲ.

ಹೊಸ ಪ್ಲೇಟುಗಳನ್ನು ಒಣಗಿದಂತೆಯೇ ಕೂರಿಸಬಾರದು. ಎಂಜಿನ್ ಎಣ್ಣೆಯಲ್ಲಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಸಿಡಿ. ಸ್ಪ್ರಿಂಗ್ ಬೋಲ್ಟು ಬಿಗಿ ಮಾಡುವಾಗಲೂ ಎದುರುಬದುರು ಕ್ರಮ; ಅದು ಅಲ್ಯೂಮಿನಿಯಂ ಕಂಬದೊಳಗೆ ಹೋಗುವ ಬೋಲ್ಟು, ತೋಳಿನ ಬಲ ಹಾಕಿದರೆ ಕಂಬವೇ ಮುರಿದು ಕೈಗೆ ಬರುತ್ತದೆ. ಕವರಿಗೆ ಹೊಸ ಪ್ಯಾಕಿಂಗ್ ಹಾಕಿ.

ಹಳೆ ಬುಲೆಟ್ ಇಟ್ಟುಕೊಂಡವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ಅದರ ಕ್ಲಚ್ಚು ಇರುವುದು ಎಡಗಡೆ, ಎಂಜಿನ್ನಿನಿಂದ ಕ್ಲಚ್ಚಿಗೆ ಬರುವ ಚೈನಿನ ಕವರಿನೊಳಗೆ, ಎಣ್ಣೆಯೂ ಬೇರೆ. ಅದರ ಕಿಕ್ಕು ಕ್ಲಚ್ಚಿನ ಮೂಲಕವೇ ಎಂಜಿನ್ನಿಗೆ ತಲುಪುವುದರಿಂದ, ಕಿಕ್ ಹೊಡೆದಾಗ ಕಾಲು ಸುಮ್ಮನೆ ಜಾರಿದರೆ ಕ್ಲಚ್ಚಿನ ಮೇಲೂ ಸಂಶಯಪಡಿ.

ಪ್ಲೇಟು ಹೊಸದಾದ ಮೇಲೆ ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕು ಹಿಡಿಯಿರಿ, ಅರ್ಧ ಕ್ಲಚ್ಚಿನಲ್ಲಿ ಗಾಡಿ ತೂಗಿಸಬೇಡಿ. ಕಾಫಿ ಚೀಲ ಹೇರಿದ ದಿನವಂತೂ ಮೊದಲನೇ ಗೇರಿನಲ್ಲೇ ಹತ್ತಿ. ಇಳಿಯುವಾಗ ಲಿವರ್ ಒತ್ತಿ ಹಿಡಿದರೆ ಎಂಜಿನ್ನಿನ ತಡೆ ತಪ್ಪಿ ಬ್ರೇಕು ಬಿಸಿಯಾಗುತ್ತದೆ. ಸುಮಾರು 300 ಕಿಲೋಮೀಟರ್ ಓಡಿದ ಮೇಲೆ, ತಣ್ಣಗಿನ ಎಂಜಿನ್ನಿನಲ್ಲಿ, ಲಿವರಿನ ತುದಿಯ ಪ್ಲೇ ಇನ್ನೊಮ್ಮೆ ಅಳೆಯಿರಿ. ಹೊಸ ಪ್ಲೇಟು ಕೂತುಕೊಳ್ಳುವಾಗ ಅದು ಸ್ವಲ್ಪ ಬದಲಾಗಿರುತ್ತದೆ.

ನಮಸ್ಕಾರ.