ಅಹವಾಲು ಸಭೆಗೆ ಕಾಗದ ಹಿಡಿದು ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಡಲ ತೀರದಲ್ಲಿ ಬಂದರು, ವಿದ್ಯುತ್ ಸ್ಥಾವರ, ದೊಡ್ಡ ಕಾರ್ಖಾನೆ ಬರುತ್ತವಲ್ಲ, ಅವಕ್ಕೆ ಅನುಮತಿ ಸಿಗುವ ಮೊದಲು ಪರಿಸರದ ಪರಿಶೀಲನೆ ಆಗಬೇಕು. ಆ ಪರಿಶೀಲನೆಯಲ್ಲಿ ಊರಿನ ಜನರಿಗೂ ಒಂದು ಪಾಲಿದೆ, ಅದೇ ಜನರ ಮಾತು ಕೇಳಲು ಕರೆಯುವ ಅಹವಾಲು ಸಭೆ. ಅದನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದು ಇವತ್ತಿನ ವಿಷಯ. ಹಾಸನದಲ್ಲಿ ಕೂತು ಕಡಲಿನ ಮಾತು ಯಾಕೆ ಅಂತ ನೀವು ಕೇಳಬಹುದು. ಎಲ್ಲ ಕಡೆ ಕೇಳುತ್ತಾರೆ, ಅದಕ್ಕೆ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಿಮ್ಮೂರ ಬಂಕಿಗೆ ಪೆಟ್ರೋಲು ಎಲ್ಲಿಂದ ಬರುತ್ತದೆ? ಮಂಗಳೂರಿನಿಂದ ಹಾಸನದ ಮೇಲೆ ಹಾದು ಬೆಂಗಳೂರಿಗೆ ಹೋಗುವ ಪೈಪ್‌ಲೈನ್ ನಮ್ಮ ಹೊಲ ತೋಟಗಳ ಅಡಿಯಲ್ಲೇ ಇದೆ. ನಿಮ್ಮ ಕಾಫಿ ಹಡಗು ಹತ್ತುವುದು ಮಂಗಳೂರು ಪಣಂಬೂರಿನ ಬಂದರಿನಲ್ಲಿ. ಸಂತೆಯಲ್ಲಿ ನೀವು ಆರಿಸಿ ತರುವ ಬಂಗುಡೆ, ಬೂತಾಯಿ ಶಿರಾಡಿ ಘಾಟಿ ಹತ್ತಿ ಬಂದಿದ್ದು. ಕುದುರೆಮುಖದ ಗುಡ್ಡ ಅಗೆದು ಅದಿರನ್ನು ಪುಡಿ ಮಾಡಿ, ನೀರಿನ ಜೊತೆ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಅದು ನಿಂತಿತು. ಇನ್ನು ನಮ್ಮ ಎತ್ತಿನಹೊಳೆ ನೋಡಿ. ಸಕಲೇಶಪುರದ ಕಾಡಿನಲ್ಲಿ ಹುಟ್ಟಿ, ಗುಂಡ್ಯದ ಕಡೆ ಇಳಿದು, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಮಂಗಳೂರಿನಲ್ಲಿ ಕಡಲು ಮುಟ್ಟುತ್ತದೆ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅಂತ ನಾವು ಮಾತಿಗೆ ಹೇಳುತ್ತೇವೆ, ನೀರಿಗೆ ಆ ಲೆಕ್ಕ ಇಲ್ಲ.

ಎತ್ತಿನಹೊಳೆ ಅಂದಾಗ ನಿಮಗೆ ಇನ್ನೊಂದು ನೆನಪಾಗಬೇಕು. ಆ ಹೊಳೆಯ ನೀರು ತಿರುಗಿಸುವ ಕೆಲಸಕ್ಕೆ ಕುಡಿಯುವ ನೀರಿನ ಯೋಜನೆ ಅಂತ ಹೆಸರಾದ್ದರಿಂದ, ಪರಿಸರ ಅನುಮತಿಯ ನಿಯಮ ಹೇಳುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕಾಗಲಿಲ್ಲ. ಅಂದರೆ ಅಹವಾಲು ಸಭೆಯೂ ಬೇಕಾಗಲಿಲ್ಲ. ಸಕಲೇಶಪುರದವರು ಆಮೇಲೆ ರಸ್ತೆಯಲ್ಲಿ ಕೂತು, ಕೋರ್ಟಿಗೆ ಅಲೆದು ಎಷ್ಟು ಕೂಗಿದರೂ ಮೊದಲು ಕೇಳಬೇಕಾದ ಪ್ರಶ್ನೆ ಕೇಳುವ ಜಾಗವೇ ಅವರಿಗೆ ಇರಲಿಲ್ಲ. ಕಡಲ ತೀರದ ಬಹಳಷ್ಟು ದೊಡ್ಡ ಯೋಜನೆಗಳಿಗೆ ಆ ಜಾಗ ಇದೆ. ಇರುವ ಜಾಗವನ್ನು ಸುಮ್ನೆ ಬಿಟ್ಟುಕೊಡುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ನಾನು ಹೇಳಬೇಕಾದದ್ದು ಒಂದೇ. ವರದಿ ಓದಿ, ಪ್ರಶ್ನೆ ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ, ಇದನ್ನು ಇನ್ನೂ ನಾಲ್ಕು ಸಲ ಹೇಳುವವನಿದ್ದೇನೆ.

ಸಭೆ ನಡೆಯುವುದು ಹೀಗೆ. ಕಂಪನಿಯವರು ಪರಿಸರದ ಮೇಲೆ ಏನೇನು ಪರಿಣಾಮ ಆಗುತ್ತದೆ ಅಂತ ಒಂದು ಕರಡು ವರದಿ ಮಾಡಿಸುತ್ತಾರೆ. ಅದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತದೆ. ಮಂಡಳಿಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಡಿಮೆ ಅಂದರೆ 30 ದಿನ ಸಮಯ ಬಿಟ್ಟು, ಯೋಜನೆಯ ಜಾಗದಲ್ಲೋ ಅದರ ಹತ್ತಿರದಲ್ಲೋ ಸಭೆ ಕರೆಯುತ್ತಾರೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅಧಿಕಾರಿ ಸಭೆ ನಡೆಸುತ್ತಾರೆ. ಪೂರ್ತಿ ವಿಡಿಯೋ ಆಗಬೇಕು. ಆ 30 ದಿನವೂ ವರದಿಯ ಪ್ರತಿ ಡಿ.ಸಿ. ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರಬೇಕು. ಯಾರು ಬೇಕಾದರೂ ಹೋಗಿ ನೋಡಬಹುದು. ನೋಡುವವರೇ ಇಲ್ಲ, ಅದೇ ತೊಂದರೆ.

ವರದಿಯ ಸಾರಾಂಶವನ್ನು ಕನ್ನಡದಲ್ಲೂ ಕೊಡುತ್ತಾರೆ. ಅದನ್ನಷ್ಟೇ ಓದಿ ಸಭೆಗೆ ಹೋಗುವುದು ಮದುವೆಯ ಕರೆಯೋಲೆ ನೋಡಿ ಊಟ ಹೇಗಿತ್ತು ಅಂತ ಹೇಳಿದ ಹಾಗೆ. ವಿಷಯ ಎಲ್ಲ ದೊಡ್ಡ ವರದಿಯಲ್ಲಿ ಇರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ, ನೂರಾರು ಪುಟ. ನಿಮ್ಮೂರಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರು ಇದ್ದಾರೆ ತಾನೆ? ಅವರನ್ನು ಕೂರಿಸಿ. ಪೂರ್ತಿ ಬೇಡ, ನಕ್ಷೆಗಳನ್ನು ನೋಡಿ, ಕೋಷ್ಟಕಗಳನ್ನು ನೋಡಿ, ತಾರೀಕು ನೋಡಿ.

ತಾರೀಕು ಯಾಕೆ ಅಂತ ಹೇಳಬೇಕಾದರೆ ನಾನು ನೋಡಿದ ಒಂದು ಸಭೆಯ ವಿಷಯ ಹೇಳಬೇಕು.

ಉತ್ತರ ಕನ್ನಡದಲ್ಲಿ ಒಂದು ಅಳಿವೆಯ ಪಕ್ಕದ ಹಳ್ಳಿ. ಹೊಳೆ ಕಡಲು ಸೇರುವ ಆ ಜಾಗದಲ್ಲಿ ಹೆಂಗಸರು ನೀರು ಇಳಿದ ಹೊತ್ತಿಗೆ ಹೋಗಿ ಬಳಚು ತೆಗೆಯುತ್ತಾರೆ, ಚಿಪ್ಪಿನ ಮೀನು. ಅಲ್ಲೇ ಒಂದು ಕಾರ್ಖಾನೆಯ ಮಾತು ಎದ್ದಿತ್ತು. ಇಂಥ ವರದಿಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಕೆಲಸ, ಹಾಗಾಗಿ ಸಭೆಯ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದೆ. ಶಾಲೆಯ ಜಗಲಿಯಲ್ಲಿ ಒಂದು ಬಲ್ಬಿನ ಕೆಳಗೆ ಎಲ್ಲರೂ ಕೂತಿದ್ದರು. ಗಂಡಸರದ್ದು ಒಂದೇ ಮಾತು, ನಾಳೆ ಘೋಷಣೆ ಏನು ಕೂಗೋಣ, ಬ್ಯಾನರ್ ಎಲ್ಲಿ ಕಟ್ಟೋಣ. ಹೆಂಗಸರು ಒಂದು ಮೂಲೆಯಲ್ಲಿದ್ದರು. ಅವರಲ್ಲಿ ವಯಸ್ಸಾದ ಒಬ್ಬರು ನಕ್ಷೆಯ ಜೆರಾಕ್ಸ್ ಕೈಗೆ ತೆಗೆದುಕೊಂಡರು. ಚಿಪ್ಪು ತಾಗಿ ತಾಗಿ ಅವರ ಬೆರಳ ತುದಿಯೆಲ್ಲ ಗೀರು ಗೀರಾಗಿತ್ತು. ಆ ಬೆರಳಿನಲ್ಲಿ ಹೊಳೆಯ ಗೆರೆ ಹಿಡಿದು ಕೆಳಗೆ ಬಂದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ನಾವು ಬಳಚು ತೆಗೆಯೋ ದಿಬ್ಬ ಇದೆ. ಇದರಲ್ಲಿ ಬರೀ ನೀಲಿ ಬಣ್ಣ ಹಚ್ಚಿದಾರಲ್ಲ?" ಅಂದರು.

ಅಲ್ಲಿಯವರೆಗೆ ನಾನೂ ಆ ನಕ್ಷೆಯನ್ನು ನೋಡಿದ್ದೆ, ಜೊತೆಗಿದ್ದ ಮೇಷ್ಟ್ರೂ ನೋಡಿದ್ದರು. ನಮಗೆ ದಿಬ್ಬ ಇಲ್ಲದ್ದು ಕಾಣಲು ಸಾಧ್ಯವೇ ಇರಲಿಲ್ಲ, ದಿಬ್ಬ ಇದೆ ಅಂತ ಗೊತ್ತಿದ್ದರೆ ತಾನೆ?

ಆಮೇಲೆ ಆ ಅಮ್ಮ ಕೇಳಿದರು, ಇವರು ನೀರು ಪರೀಕ್ಷೆ ಮಾಡಿದ್ದು ಯಾವಾಗ ಅಂತ. ಒಬ್ಬ ಹುಡುಗ ಪುಟ ತಿರುಗಿಸಿ ಹುಡುಕಿದ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಂತ ಇತ್ತು. ಇಂಥ ವರದಿಗಳಲ್ಲಿ ಮಳೆಗಾಲ ಬಿಟ್ಟು ಒಂದೇ ಕಾಲದಲ್ಲಿ ಅಳತೆ ಮಾಡುವುದು ರೂಢಿ. "ಆಗ ಹೊಳೆ ಮಲಗಿರ್ತದೆ. ಆಷಾಢದಲ್ಲಿ ಈ ಅಳಿವೆ ಬಾಯಿ ಎಲ್ಲಿರ್ತದೆ ಅಂತ ಇವರಿಗೆ ಗೊತ್ತಾ? ಇವರ ಪೈಪು ಬರೋ ಜಾಗದಲ್ಲಿ ಆಗ ನೆಲವೇ ಇರೋದಿಲ್ಲ." ಇಷ್ಟು ಹೇಳಿ ಆ ಅಮ್ಮ ಸುಮ್ಮನಾದರು. ಘೋಷಣೆಯ ಮಾತಾಡುತ್ತಿದ್ದವರೂ ಸುಮ್ಮನಾದರು. ಆ ರಾತ್ರಿಯೇ ಹುಡುಗರು ಇದನ್ನು ಎರಡು ಪ್ರಶ್ನೆಯಾಗಿ, ವರದಿಯ ಪುಟದ ಸಂಖ್ಯೆ ಹಾಕಿ ಬರೆದರು. ಬಳಚಿನ ದಿಬ್ಬ ನಕ್ಷೆಯಲ್ಲಿ ಯಾಕಿಲ್ಲ? ಮಳೆಗಾಲದ ಅಳತೆ ಯಾಕಿಲ್ಲ? ಕೆಳಗೆ ಹೆಂಗಸರೆಲ್ಲ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು.

ಮಾರನೆ ದಿನ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು, ಪೊಲೀಸರು, ಎಲ್ಲ ಇತ್ತು. ತುಂಬಾ ಜನ ಮಾತಾಡಿದರು. ಜೋರಾಗಿ ಮಾತಾಡಿದರು, ಚಪ್ಪಾಳೆಯೂ ಬಿತ್ತು. ಆ ಅಮ್ಮ ಮೈಕಿನ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. "ಸಾಹೇಬ್ರೆ, ನಮ್ಮ ಪ್ರಶ್ನೆ ಇದರಲ್ಲಿ ಬರೆದಿದೆ, ಉತ್ತರ ಬರೆದು ಕೊಡಿ" ಅಂತ ಕಾಗದ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದು ಕೂತರು. ಮುಂದೆ ನಡಾವಳಿ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆ ಬಂತಲ್ಲ, ಅದರಲ್ಲಿ ಆ ಜೋರು ಭಾಷಣಗಳೆಲ್ಲ ಸೇರಿ ಒಂದು ಸಾಲಾಗಿತ್ತು: ಸಾರ್ವಜನಿಕರು ವಿರೋಧ ವ್ಯಕ್ತಪಡಿಸಿದರು. ಹೆಂಗಸರ ಎರಡು ಪ್ರಶ್ನೆ ಮಾತ್ರ ಪುಟದ ಸಂಖ್ಯೆ ಸಮೇತ ಹಾಗೇ ಬಂದಿತ್ತು. ಅನುಮತಿ ಕೊಡಬಹುದಾ ಅಂತ ಪರಿಶೀಲಿಸಿ ಶಿಫಾರಸು ಮಾಡುವ ಸಮಿತಿಯವರು ಅದನ್ನು ಹಿಡಿದುಕೊಂಡು, ಮಳೆಗಾಲದಲ್ಲೂ ಅಧ್ಯಯನ ಮಾಡಿ ತನ್ನಿ ಅಂತ ಕಂಪನಿಗೆ ವಾಪಸ್ ಕಳಿಸಿದರು.

ವರದಿ ಓದಿ, ಪ್ರಶ್ನೆ ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ವಿರೋಧ ಇದೆ ಅಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆ ಕೇಳಿದರೆ ಕೊಡಲೇಬೇಕು. ಸಭೆಯಲ್ಲಿ ಬಂದ ಪರಿಸರದ ಮುಖ್ಯ ಆತಂಕಗಳಿಗೆಲ್ಲ ಕಂಪನಿಯವರು ಉತ್ತರ ಕೊಟ್ಟು, ವರದಿ ತಿದ್ದಿ ಮುಂದೆ ಕಳಿಸಬೇಕು ಅಂತ 2006ರ ಅಧಿಸೂಚನೆಯಲ್ಲೇ ಇದೆ. ಸಮಿತಿಯೂ ಆ ಆಕ್ಷೇಪಣೆಗಳನ್ನು ನೋಡಿದ್ದೇವೆ ಅಂದರೆ ಸಾಲದು, ಯಾಕೆ ಒಪ್ಪಲಿಲ್ಲ ಅಂತ ಕಾರಣ ಕೊಡಬೇಕು ಅಂತ ದೆಹಲಿ ಹೈಕೋರ್ಟ್ 2009ರಲ್ಲಿ ಗೋವಾದ ಗಣಿ ಪ್ರಕರಣದಲ್ಲಿ ಹೇಳಿದೆ. ಆದರೆ ಕಾಗದದಲ್ಲಿ ಆಕ್ಷೇಪಣೆಯೇ ಇಲ್ಲದಿದ್ದರೆ ಯಾವುದಕ್ಕೆ ಕಾರಣ ಕೊಡುತ್ತಾರೆ, ಹೇಳಿ?

ಆ ಸಭೆಯ ವಿಷಯ ಹೇಳುತ್ತಾ ಹೊತ್ತು ಜಾಸ್ತಿ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಂಜರು ಅನ್ನುವ ಮಾತು ದಾಖಲೆಯಲ್ಲಿ ಕಂಡರೆ ಎಚ್ಚರ ಆಗಿ. ಆಂಧ್ರದ ಸೋಂಪೇಟದಲ್ಲಿ ಕಡಲ ಪಕ್ಕದ ಜೌಗು ನೆಲಕ್ಕೆ ಹಾಗೇ ಕರೆದು ಉಷ್ಣ ವಿದ್ಯುತ್ ಸ್ಥಾವರಕ್ಕೆ ಕೊಟ್ಟಿದ್ದರು. ಅಲ್ಲಿ ಮೀನು ಹಿಡಿಯುವವರು, ಭತ್ತ ಬೆಳೆಯುವವರು ಸಾವಿರಾರು ಜನ. 2010ರ ಜುಲೈನಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಆಗಿದ್ದ ಪರಿಸರ ಮೇಲ್ಮನವಿ ಪ್ರಾಧಿಕಾರ ಅದೇ ವಾರ ಅನುಮತಿ ರದ್ದು ಮಾಡಿತು. ಆ ನೆಲ ಎಂಥದ್ದು ಅಂತ ಮೊದಲೇ ಸರಿಯಾಗಿ ನೋಡಿದ್ದರೆ ಆ ಜೀವಗಳು ಉಳಿಯುತ್ತಿದ್ದವು.

ಎರಡನೆಯದು, ಭಾಷೆ. 2020ರಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳನ್ನೇ ಬದಲಿಸಲು ಕರಡು ತಂದಿತು. ಸಭೆಗೆ ಮುಂಚೆ ಕೊಡುವ 30 ದಿನವನ್ನು 20 ದಿನಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಕರಡು ಇದ್ದದ್ದು ಇಂಗ್ಲಿಷು, ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲದಿದ್ದರೆ ನಮ್ಮ ಜನ ಅಭಿಪ್ರಾಯ ಹೇಳುವುದು ಹೇಗೆ ಅಂತ ನಮ್ಮ ಹೈಕೋರ್ಟಿಗೆ ಹೋದರು, ಆ ಆಗಸ್ಟ್‌ನಲ್ಲಿ ತಡೆ ಸಿಕ್ಕಿತು. ಕನ್ನಡದಲ್ಲಿ ಕೊಡಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ಆಕ್ಷೇಪಣೆಯನ್ನೂ ಕನ್ನಡದಲ್ಲೇ ಬರೆಯಿರಿ.

ಹಾಸನದವರು, ಚಿಕ್ಕಮಗಳೂರಿನವರು ಕರಾವಳಿಯ ಯೋಜನೆಗೆ ಆಕ್ಷೇಪಣೆ ಕೊಡಬಹುದಾ? ಕೊಡಬಹುದು. ಆ ಯೋಜನೆಯ ಪರಿಸರದ ವಿಷಯದಲ್ಲಿ ಕಾಳಜಿ ಇರುವವರು ಲಿಖಿತವಾಗಿ ಕೊಡಲು ಅವಕಾಶ ಇದೆ. ಬಂದರು ಬಂದರೆ ರಸ್ತೆ, ರೈಲು, ಪೈಪು, ವಿದ್ಯುತ್ ಲೈನು ಘಟ್ಟ ಹತ್ತಲೇಬೇಕು. ಕಡಲ ದಂಡೆಯ ಗೋಡೆಗೆ ಕಲ್ಲು ಯಾವ ಗುಡ್ಡದಿಂದ, ಮರಳು ಯಾವ ಹೊಳೆಯಿಂದ ಅಂತ ಕೇಳಿ. ವರದಿಯಲ್ಲಿ ಅದಕ್ಕೆ ಉತ್ತರ ಇದೆಯಾ ನೋಡಿ. ಇಲ್ಲದಿದ್ದರೆ ಅದೇ ನಿಮ್ಮ ಪ್ರಶ್ನೆ. ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ. ಅಂಚೆಯಲ್ಲಿ ಕಳಿಸುವುದಾದರೆ ರಿಜಿಸ್ಟರ್ಡ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಸಭೆ ಮುಗಿದ ತಕ್ಷಣ ಎದ್ದು ಬಸ್ಸಿಗೆ ಓಡಬೇಡಿ. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಎಲ್ಲರ ಮುಂದೆ ಕನ್ನಡದಲ್ಲಿ ಓದಬೇಕು ಅಂತ ನಿಯಮ ಇದೆ. ನಿಮ್ಮ ಪ್ರಶ್ನೆ ಅದರಲ್ಲಿ ಬಂತಾ ಕೇಳಿಸಿಕೊಳ್ಳಿ. ಬರದಿದ್ದರೆ ಅಲ್ಲೇ ಎದ್ದು ಹೇಳಿ, ಸೇರಿಸಿದ ಮೇಲೆಯೇ ಹೊರಡಿ. ಆ ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲೂ ಹಾಕುತ್ತಾರೆ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಇಷ್ಟಾದರೂ ಅನುಮತಿ ಸಿಕ್ಕಿಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು, ನಮ್ಮ ಭಾಗಕ್ಕೆ ಪೀಠ ಚೆನ್ನೈಯಲ್ಲಿದೆ. ಮೇಲ್ಮನವಿಗೆ 30 ದಿನ, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಒಪ್ಪುತ್ತಾರೆ. ಅಲ್ಲಿ ವಕೀಲರು ಮೊದಲು ಕೇಳುವುದು ಸೀಲು ಬಿದ್ದ ಆ ಪ್ರತಿಯನ್ನೇ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆ ಗೆದ್ದಲು ತಾಗದ ಕಡೆ ಇಡಿ, ಎಲ್ಲಿಟ್ಟಿದ್ದೀರಿ ಅಂತ ಮನೆಯ ಇನ್ನೊಬ್ಬರಿಗೂ ಹೇಳಿರಿ. ನಮಸ್ಕಾರ.