ರಕ್ತ ತಾನೇ ಕಟ್ಟುವ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದವರಿಗೆ ಇದು ಗೊತ್ತಿರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ, ಕತ್ತಲೆಯಲ್ಲಿ ಒಂದು ಮೊಟ್ಟೆ ಎತ್ತಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಸಣ್ಣದೊಂದು ಚುಕ್ಕೆ. ಅದರ ಸುತ್ತ ಜೇಡನ ಕಾಲಿನ ಹಾಗೆ ಹರಡಿದ ಕೆಂಪು ಎಳೆಗಳು. ಅವೇ ರಕ್ತನಾಳಗಳು.

ಮನೆಗೆ ನಲ್ಲಿ ಹಾಕಿಸುವಾಗ ಮೊದಲು ಪೈಪು ಹೂಳುತ್ತೇವೆ, ಆಮೇಲೆ ನೀರು ಬಿಡುತ್ತೇವೆ. ಮೈಯೊಳಗೂ ಹಾಗೇ ಅಂದುಕೊಳ್ಳುವುದು ಸಹಜ, ಅಲ್ವಾ? ಆದರೆ ಅಲ್ಲಿ ಹರಿಯಬೇಕಾದ ರಕ್ತವೂ ಪೈಪು ಕಟ್ಟಲು ಕೈಜೋಡಿಸುತ್ತದೆ.

ಸುಮಾರು ನೂರು ವರ್ಷದ ಹಿಂದೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಫ್ಲಾರೆನ್ಸ್ ಸೇಬಿನ್ ಎಂಬ ವಿಜ್ಞಾನಿ ಇದ್ದರು. 1917ರಲ್ಲಿ ಅಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಹೆಂಗಸು. ಎರಡನೆಯ ದಿನದ ಮೊಟ್ಟೆಯಿಂದ ಜೀವವಿರುವ ಭ್ರೂಣವನ್ನೇ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ರಾತ್ರಿಯಿಡೀ ನೋಡುತ್ತಾ ಕೂತರು. ಅಲ್ಲಲ್ಲಿ ಕೋಶಗಳು ಗುಂಪುಗೂಡುತ್ತವೆ. ಗುಂಪಿನ ಅಂಚಿನವು ಚಪ್ಪಟೆಯಾಗಿ ನಾಳದ ಗೋಡೆಯಾಗುತ್ತವೆ. ಒಳಗಿನವು ದುಂಡಗಾಗಿ ರಕ್ತಕಣಗಳಾಗುತ್ತವೆ. ಈ ಗುಂಪುಗಳಿಗೆ ರಕ್ತದ ದ್ವೀಪಗಳು ಅಂತಲೇ ಹೆಸರು. ಹೃದಯದ ಮೊದಲ ಬಡಿತವನ್ನೂ ಅವರು ಕಣ್ಣಾರೆ ಕಂಡರು. ಆ ರಾತ್ರಿಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗೋಡೆ, ರಕ್ತ ಎರಡೂ ಜೊತೆಯಲ್ಲೇ ಹುಟ್ಟುತ್ತವೆ, ಸರಿ. ಒಂದು ಇನ್ನೊಂದಕ್ಕೆ ನೆರವಾಗುತ್ತದೆಯೇ? 2000ದಲ್ಲಿ ಜಪಾನಿನ ನೊಬುಯುಕಿ ತಕಾಕುರಾ ಮತ್ತು ಜೊತೆಗಾರರು ಇದಕ್ಕೆ ಒಂದು ಒಳ್ಳೆಯ ಉತ್ತರ ಕೊಟ್ಟರು. ಒಂದು ಜೀನ್ ಇಲ್ಲದ ಕಾರಣ ರಕ್ತದ ಕಾಂಡಕೋಶಗಳೇ ಹುಟ್ಟದ ಇಲಿಯ ಭ್ರೂಣಗಳನ್ನು ಅವರು ನೋಡಿದರು. ಕಾಂಡಕೋಶ ಅಂದರೆ ಎಲ್ಲಾ ಬಗೆಯ ರಕ್ತಕಣಗಳಿಗೂ ತಾಯಿಬೇರು. ಆ ಭ್ರೂಣಗಳಲ್ಲಿ ದೊಡ್ಡ ನಾಳಗಳೇನೋ ಇದ್ದವು. ಆದರೆ ತಲೆಯ ಭಾಗದಲ್ಲಿ ಸಣ್ಣ ಕವಲುಗಳು ಸರಿಯಾಗಿ ಒಡೆದಿರಲಿಲ್ಲ. ಅಂಥ ಭ್ರೂಣದ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಆರೋಗ್ಯವಾದ ಕಾಂಡಕೋಶಗಳನ್ನು ಸೇರಿಸಿದರು. ನಾಳಗಳು ಚಿಗುರಿದವು!

ಅದಕ್ಕೂ ಚೆಂದದ ಸಂಗತಿ ಒಂದಿದೆ. ಸರಿಯಾಗಿ ಬೆಳೆಯುತ್ತಿರುವ ಭ್ರೂಣದಲ್ಲಿ, ನಾಳ ಇನ್ನೂ ತಲುಪದ ಜಾಗಕ್ಕೆ ಈ ಕೋಶಗಳು ಮುಂಚೆಯೇ ಹೋಗಿರುತ್ತವೆ. ಅಲ್ಲಿ ಆಂಜಿಯೊಪೊಯೆಟಿನ್-1 ಎಂಬ ಪ್ರೋಟೀನು ಬಿಡುತ್ತವೆ. ಅದು ನಾಳದ ಕೋಶಗಳನ್ನು ತನ್ನತ್ತ ಕರೆಯುತ್ತದೆ.

ಕೆಂಪು ರಕ್ತಕಣಗಳ ಪಾಲು ಬೇರೆಯೇ. 2007ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಭ್ರೂಣದಲ್ಲಿ ಕೆಂಪು ಕಣಗಳು ಹರಿಯದಂತೆ ತಡೆದು ನೋಡಿದರು. ಹೃದಯ ಬಡಿಯುತ್ತಿತ್ತು, ನೀರಿನಂಥ ದ್ರವ ಹರಿಯುತ್ತಿತ್ತು. ಆದರೂ ನಾಳಗಳು ಮೊದಲಿನ ಜೇನುಗೂಡಿನಂಥ ಬಲೆಯಾಗಿಯೇ ಉಳಿದವು. ದೊಡ್ಡದು ಚಿಕ್ಕದು ಎಂದು ಬೇರ್ಪಡಲೇ ಇಲ್ಲ. ಆಗ ಅವರು ಪಿಷ್ಟದಿಂದ ಮಾಡಿದ ದ್ರಾವಣ ಸೇರಿಸಿ ಹರಿಯುವ ದ್ರವವನ್ನು ಸುಮ್ನೆ ಮಂದವಾಗಿಸಿದರು, ಅಷ್ಟೇ. ಕೆಂಪು ಕಣಗಳ ಹಾಗೆ ಆಮ್ಲಜನಕ ಹೊರುವ ಶಕ್ತಿ ಅದಕ್ಕೇನೂ ಇಲ್ಲ. ಆದರೂ ಗೋಡೆಗೆ ಉಜ್ಜುವ ಒತ್ತಡ ಜಾಸ್ತಿಯಾಯಿತು, ನಾಳಗಳು ಮತ್ತೆ ಕಾಂಡ, ಕೊಂಬೆ, ರೆಂಬೆಯಾಗಿ ಬೆಳೆದವು.

ನಮಸ್ಕಾರ.